ಕ್ಯಾಮೆರಾ ಎಲ್ಲಿ ನಿಂತಿದೆ?

ಪ್ರಿಯ ತಮ್ಮಾ,

ನೀನು ಕಳಿಸಿದ ಗೇಮ್ ಕಥೆಯನ್ನು ಎರಡು ಸಲ ಓದಿದೆ. ಕೋಟೆಯೊಳಗೆ ನೀರು ತಿರುಗಿಸುವ ಪಜಲ್ ಇದೆಯಲ್ಲ, ಅದು ತುಂಬಾ ಹಿಡಿಸಿತು. ಆದರೆ ಪಾತ್ರಗಳ ಪರಿಚಯಕ್ಕೆ ಬಂದಾಗ ಕೈ ತಾನಾಗಿ ಪೆನ್ಸಿಲ್ ಹುಡುಕಿತು.

ನಾಯಕನ ಬಗ್ಗೆ ನಿನ್ನ ಮೊದಲ ಸಾಲು: 'ಎಡಗೈ ಮೇಲೆ ಸುಟ್ಟ ಕಲೆ, ತಮ್ಮನನ್ನು ಬೆಂಕಿಯಿಂದ ಎಳೆದು ತಂದಾಗ ಆದದ್ದು.' ನಾಯಕಿಯ ಬಗ್ಗೆ: 'ಇಪ್ಪತ್ತೆರಡು ವರ್ಷ, ಸಣ್ಣ ಸೊಂಟ, ಒಮ್ಮೆ ನೋಡಿದವರು ತಿರುಗಿ ನೋಡಬೇಕು.' ಎರಡನ್ನೂ ಜೋರಾಗಿ ಓದಿ ನೋಡು. ಅವನ ಮೈಮೇಲಿನ ಕಲೆಗೂ ಒಂದು ಕಥೆ ಇದೆ. ಅವಳಿಗೆ ಬರೀ ಅಳತೆ.

'ಹಾಗಾದ್ರೆ ಬಟ್ಟೆ ಎಷ್ಟು ಹಾಕಿಸಬೇಕು ಅಕ್ಕಾ?' ಅಂತ ಕೇಳಿದ್ದೀಯ. ನಗು ಬಂತು. ಬಟ್ಟೆಯ ಉದ್ದ ಅಳೆಯುತ್ತಾ ಕೂತರೆ ಇದು ಬಗೆಹರಿಯುವುದಿಲ್ಲ ಮಾರಾಯ. 1996ರ ಟೂಂಬ್ ರೈಡರ್ ಎಂಬ ವಿಡಿಯೋ ಗೇಮ್‌ನ ನಾಯಕಿ ಲಾರಾ ಕ್ರಾಫ್ಟ್ ತುಂಡು ಚಡ್ಡಿಯಲ್ಲಿ ಗುಹೆ ಹತ್ತಿದಳು. 2013ರಲ್ಲಿ ಅವಳ ಕಥೆ ಹೊಸದಾಗಿ ಶುರುವಾದಾಗ ಪ್ಯಾಂಟ್ ಬಂತು, ಭಯ ಬಂತು, ಗೆಳತಿಯೂ ಬಂದಳು. ಬರೆದವರಲ್ಲಿ ಮುಖ್ಯರಾದವರು ರಿಯಾನಾ ಪ್ರಾಟ್ಚೆಟ್ ಎಂಬ ಹೆಣ್ಣುಮಗಳು. ಬರವಣಿಗೆ ನಿಜಕ್ಕೂ ಚೆನ್ನಾಗಿದೆ. ಆದರೂ ಹೊಳೆಯಲ್ಲಿ ಕೊಚ್ಚಿಹೋಗುವಾಗ ಆಡುವವರ ಕೈ ಒಂದು ಕ್ಷಣ ತಪ್ಪಿದರೆ ಕೊಂಬೆಯೊಂದು ಅವಳ ಗಂಟಲಿಗೆ ನಾಟುತ್ತದೆ, ಕ್ಯಾಮೆರಾ ಅದನ್ನು ಹತ್ತಿರದಿಂದಲೇ ತೋರಿಸುತ್ತದೆ. ನಾನು ಆಡುವಾಗ ಅಲ್ಲಿ ನಾಲ್ಕು ಸಲ ಸೋತೆ. ನಾಲ್ಕನೇ ಸಲ ಟಿವಿಯಿಂದ ಮುಖ ತಿರುಗಿಸಿದೆ. ಮೈ ಮುಚ್ಚಿದ್ದರೂ ನೋಡುವ ಕಣ್ಣು ಹಳೆಯದೇ ಅನ್ನಿಸಿತು.

ಅದಕ್ಕೇ ನಾನು ಕ್ಯಾಮೆರಾ ಎಲ್ಲಿ ನಿಂತಿದೆ ಅಂತ ಮೊದಲು ನೋಡುತ್ತೇನೆ. 2010ರ ಮಾಸ್ ಎಫೆಕ್ಟ್ 2ರಲ್ಲಿ ಮಿರಾಂಡಾ ಅಂತ ಒಂದು ಪಾತ್ರ. ಅಪ್ಪನ ಕೈಗೆ ಸಿಗಬಾರದೆಂದು ತಂಗಿಯನ್ನು ಬಚ್ಚಿಟ್ಟವಳು. ಈಗ ಆ ತಂಗಿಗೆ ಅಪಾಯ. ಯಾರ ಹತ್ತಿರವೂ ಏನೂ ಕೇಳದ ಹೆಂಗಸು ಬಾಯಿಬಿಟ್ಟು ಸಹಾಯ ಕೇಳುತ್ತಾಳೆ. ಒಳ್ಳೆಯ ಬರವಣಿಗೆ, ದನಿಯೂ ಚೆನ್ನಾಗಿದೆ. ಆದರೆ ಇಂಥ ಗಂಭೀರ ಮಾತಿನ ನಡುವೆಯೇ ಕ್ಯಾಮೆರಾ ಕೆಳಗಿಳಿದು ಅವಳ ಹಿಂದೆ ಹೋಗಿ ನಿಲ್ಲುತ್ತದೆ. ಕಿವಿಗೆ ಅವಳ ಆತಂಕ ಕೇಳಿಸುತ್ತಿದೆ, ಕಣ್ಣ ಮುಂದೆ ಅವಳ ಹಿಂಭಾಗ. 2021ರಲ್ಲಿ ಆ ಆಟಗಳನ್ನು ಹೊಸದು ಮಾಡಿ ತಂದಾಗ ಇಂಥ ಕೆಲವು ಶಾಟ್‌ಗಳನ್ನು ತಯಾರಕರೇ ಬದಲಿಸಿದರು.

'ಕ್ಯಾಮೆರಾ ನನ್ನ ಕೈಯಲ್ಲಿಲ್ಲವಲ್ಲ' ಅನ್ನುತ್ತೀಯ. ನಿಜ. ಆದರೆ 'ಇಲ್ಲಿ ಅವಳ ಮುಖ ಕಾಣಬೇಕು, ಬೆರಳು ಉಂಗುರ ತಿರುಗಿಸುತ್ತಾ ಇರಬೇಕು' ಅಂತ ನೀನು ಬರೆಯಬಹುದು. ನೀನು ಖಾಲಿ ಬಿಟ್ಟ ಜಾಗವನ್ನು ಮುಂದಿನವರು ಅಭ್ಯಾಸಬಲದಿಂದ ತುಂಬುತ್ತಾರೆ. ಅಭ್ಯಾಸ ಎಂಥದ್ದು ಅಂತ ನಿನಗೇ ಗೊತ್ತು. 1986ರ ಮೆಟ್ರಾಯ್ಡ್‌ನಲ್ಲಿ ಲೋಹದ ಕವಚದೊಳಗೆ ಇದ್ದವಳು ಹೆಣ್ಣು ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಎಂಥಾ ಚೆಂದದ ತಿರುವು! ಆದರೆ ಆಟ ಎಷ್ಟು ಬೇಗ ಮುಗಿಸುತ್ತೀಯೋ ಅವಳ ಮೈಮೇಲೆ ಅಷ್ಟು ಕಡಿಮೆ ಬಟ್ಟೆ. ಎಲ್ಲರಿಗಿಂತ ಬೇಗ ಮುಗಿಸಿದವರಿಗೆ ಬಿಕಿನಿ. ಅಷ್ಟು ಹೊತ್ತು ನೀನೇ ಆಗಿದ್ದವಳು ಕೊನೆಗೆ ನಿನಗೆ ಸಿಗುವ ಬಹುಮಾನ ಆಗಿಬಿಟ್ಟಳು.

ಇನ್ನೊಂದು ಚಾಳಿ, ಸಬೂಬು. 2015ರ ಮೆಟಲ್ ಗಿಯರ್ ಸಾಲಿಡ್ 5ರಲ್ಲಿ ಕ್ವೈಯಟ್ ಎಂಬ ಸ್ನೈಪರ್, ಅಂದರೆ ದೂರದಿಂದ ಗುರಿಯಿಟ್ಟು ಹೊಡೆಯುವವಳು, ಬಿಕಿನಿಯಲ್ಲೇ ಯುದ್ಧ ಮಾಡುತ್ತಾಳೆ. ಯಾಕಪ್ಪಾ ಅಂದರೆ ಅವಳು ಚರ್ಮದಿಂದ ಉಸಿರಾಡುವವಳಂತೆ. ಇದೇ ಸರಣಿಯ 2004ರ ಆಟದಲ್ಲಿ ಬಿಸಿಲಿನಿಂದಲೇ ಶಕ್ತಿ ಪಡೆಯುವ ಮುದುಕ ಸ್ನೈಪರ್ ಒಬ್ಬನಿದ್ದಾನೆ. ಆ ಅಜ್ಜ ಮೈತುಂಬಾ ಬಟ್ಟೆ ಹಾಕಿಕೊಂಡೇ ಬಿಸಿಲು ಕಾಯುತ್ತಾನೆ! ಮೊದಲು ಚಿತ್ರ ಬಿಡಿಸಿ ಆಮೇಲೆ ಕಾರಣ ಹುಡುಕಿದರೆ ಹೀಗೇ ಆಗುವುದು. ನಿನ್ನ ನಾಯಕಿಯ 'ಮಾಂತ್ರಿಕ ಕವಚ' ಹೊಟ್ಟೆಯನ್ನು ಮಾತ್ರ ಯಾಕೆ ಮುಚ್ಚುವುದಿಲ್ಲ, ಹೇಳು?

ಹಾಗಂತ ಆಕರ್ಷಣೆಯನ್ನು ಬರೆಯಲೇಬೇಡ ಅಂತಲ್ಲ. 2009ರ ಆಟವೊಂದರ ನಾಯಕಿ, ಮಾಟಗಾತಿ ಬೇಯೊನೆಟ್ಟಾಳನ್ನು ಚಿತ್ರಿಸಿದವರು ಮಾರಿ ಶಿಮಾಜಾಕಿ, ಒಬ್ಬ ಹೆಂಗಸು. ಆ ಮಾಟಗಾತಿಯ ಉಡುಪು ಅವಳ ಕೂದಲೇ. ದೊಡ್ಡ ಏಟು ಹೊಡೆಯುವಾಗ ಕೂದಲು ಆಯುಧವಾಗುತ್ತದೆ, ಮೈ ಬರಿದಾಗುತ್ತದೆ. ಅವಳು ತನ್ನ ಮೋಜಿಗೆ ಹಾಗಿದ್ದಾಳೆ ಅಂತ ಕೆಲವರು, ಅದೆಲ್ಲ ಗಂಡಸರ ಕಣ್ಣಿಗೆ ಅಂತ ಕೆಲವರು. ನನಗೆ ಒಂದೇ ಸಂಜೆಯಲ್ಲಿ ಎರಡೂ ಅನ್ನಿಸಿದೆ, ಇನ್ನೂ ತೀರ್ಮಾನ ಮಾಡಿಲ್ಲ. ಆದರೆ ಅವಳಿಗೆ ಏನು ಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನಿನ್ನ ನಾಯಕಿಗೆ ಏನು ಬೇಕು ಅಂತ ಹದಿನೆಂಟು ಪುಟ ಓದಿದರೂ ಸಿಗಲಿಲ್ಲ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಾನೂ ಮಾಡಿದ ತಪ್ಪೇ ಇದು. ಮೊದಲ ಸಲ ಒಂದು ಆಟಕ್ಕೆ ಮಾತು ಬರೆದಾಗ ಮೊದಲ ಸೀನ್‌ನಲ್ಲೇ ನಾಯಕನ ಹೆಂಡತಿಯನ್ನು ಸಾಯಿಸಿದ್ದೆ. ಅವನಿಗೆ ಸೇಡು ಬೇಕಿತ್ತಲ್ಲ! ಡಬ್ಬಿಂಗ್‌ಗೆ ಬಂದ ಕಲಾವಿದೆ ಹಾಳೆ ತಿರುಗಿಸಿ ನೋಡಿ, 'ಇವಳ ಹೆಸರೇನು ಮೇಡಂ?' ಅಂತ ಕೇಳಿದಳು. ನಾನು ಇಟ್ಟೇ ಇರಲಿಲ್ಲ. ಹಾಳೆಯಲ್ಲಿ ಸುಮ್ನೆ 'ಹೆಂಡತಿ' ಅಂತಿತ್ತು. 1981ರ ಡಾಂಕಿ ಕಾಂಗ್‌ನಲ್ಲೂ ಕೋತಿ ಹೊತ್ತೊಯ್ದ ಹುಡುಗಿ ಮೊದಲು ಬರೀ 'ಲೇಡಿ', ಪಾಲಿನ್ ಅನ್ನುವ ಹೆಸರು ಆಮೇಲೆ ಬಂದದ್ದು. ಎಷ್ಟೋ ವರ್ಷ ಆದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಈಗ ಹನ್ನೊಂದನೇ ಪುಟ ತೆಗೆ. ರಾತ್ರಿ, ಅವಳು ಕೋಟೆ ಗೋಡೆ ಹತ್ತುತ್ತಿದ್ದಾಳೆ. 'ಕ್ಯಾಮೆರಾ ಕೆಳಗಿನಿಂದ' ಅಂತ ಬರೆದಿದ್ದೀಯ. ಕೆಳಗೆ ಯಾರಿದ್ದಾರೆ? ನಿನ್ನ ಕಥೆಯ ಪ್ರಕಾರ ಕಾವಲುಗಾರರೆಲ್ಲ ಮಲಗಿದ್ದಾರೆ. ಮೇಲೆ ಅವಳ ಬೆರಳು ಕಲ್ಲಿನ ಸಂದು ತಡಕುತ್ತಿದೆ, ಉಗುರಿನ ಕೆಳಗೆ ಸುಣ್ಣ ಸೇರಿದೆ. ಆ ಕೈಗೆ ಏನು ಸಿಕ್ಕಿತು ಅಂತ ನನಗೆ ನೋಡಬೇಕು. ಅದೊಂದು ಪುಟ ಮತ್ತೆ ಬರೆದು ಕಳಿಸು. ನೀರಿನ ಪಜಲ್ ಮುಟ್ಟಬೇಡ.

ನಿನ್ನ ಅಕ್ಕ