ಗೇರ್ ಸೈಕಲ್ ಬ್ರೇಕಿಗೆ ಬೈಕ್ ಆಯಿಲ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಹಿಡಿಯುವ) ಡಿಸ್ಕ್ ಬ್ರೇಕ್ ಇರುವ ಗೇರ್ ಸೈಕಲ್‌ಗಳು ಈಗ ಸಣ್ಣ ಊರುಗಳಲ್ಲೂ ಓಡಾಡುತ್ತಿವೆ. ಲಿವರ್ ಮೆತ್ತಗಾದಾಗ, ಆಯಿಲಿನಲ್ಲಿ ಸೇರಿದ ಏರ್ ತೆಗೆಯಲು ಪಕ್ಕದ ಬೈಕ್ ಗ್ಯಾರೇಜಿನಿಂದ ಬ್ರೇಕ್ ಆಯಿಲ್ ತಂದು ಸುರಿಯುವ ರೂಢಿಯೂ ಜೊತೆಗೇ ಬಂದಿದೆ. ಗ್ಯಾರೇಜಿನಲ್ಲಿ ಸಿಗುವುದು ಡಾಟ್ 3 ಅಥವಾ ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್. ಶಿಮಾನೊ, ಟೆಕ್ಟ್ರೊ, ಮಗುರ ಕಂಪನಿಗಳ ಬ್ರೇಕುಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಹೋಪ್ ಮತ್ತು ಸ್ರಾಮ್‌ನ ಬಹಳಷ್ಟು ಮಾದರಿಗಳಿಗೆ ಮಾತ್ರ ಡಾಟ್ ಸರಿ. ಈ ಎರಡು ಬಗೆಯ ಬ್ರೇಕುಗಳ ಒಳಗಿನ ರಬ್ಬರ್ ಸೀಲುಗಳೇ ಬೇರೆ ಬೇರೆ. ತಪ್ಪು ಆಯಿಲ್ ಬಿದ್ದರೆ ಸೀಲ್ ಉಬ್ಬುತ್ತದೆ, ಹಿಡಿದ ಲಿವರ್ ವಾಪಸ್ ಬರುವುದಿಲ್ಲ, ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಎಷ್ಟು ತೊಳೆದರೂ ಅದು ಮೊದಲಿನಂತಾಗದು. ಲಿವರ್, ಚಕ್ರದ ಬಳಿ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಎರಡನ್ನೂ ಬದಲಿಸುವ ಖರ್ಚು ಗಿರಾಕಿಯ ತಲೆಗೆ. ಯಾವ ಆಯಿಲ್ ಎಂಬುದು ಸಾಮಾನ್ಯವಾಗಿ ಲಿವರಿನ ಮುಚ್ಚಳದ ಮೇಲೇ ಇರುತ್ತದೆ, ಆದರೆ ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಮಾರುವ ಅಂಗಡಿಯವರು ಅದನ್ನು ಬಿಲ್ಲಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟು, ಮಿನರಲ್ ಆಯಿಲಿನ ಸಣ್ಣ ಸೀಸೆಗಳನ್ನೂ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪೀತು.

ಇನ್ನರ್ಧ ತೊಂದರೆ ಏರ್ ತೆಗೆಯುವ ಕ್ರಮದಲ್ಲಿದೆ. ಶಿಮಾನೊ ಬ್ರೇಕಾದರೆ ಮೊದಲು ಚಕ್ರ, ಪ್ಯಾಡ್ ಎರಡನ್ನೂ ಬಿಚ್ಚಿ ದೂರ ಇಡಬೇಕು. ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್‌ಗಳನ್ನು ಪೂರ್ತಿ ಒಳಕ್ಕೆ ಒತ್ತಿ, ನಡುವೆ ಪ್ಲಾಸ್ಟಿಕ್ ಬ್ಲಾಕ್ ಸಿಕ್ಕಿಸಬೇಕು. ಲಿವರನ್ನು ನೆಲಕ್ಕೆ ಸಮನಾಗಿ ತಿರುಗಿಸಿ, 2.5 ಮಿ.ಮೀ. ಅಲೆನ್ ಕೀಯಿಂದ ಮೇಲಿನ ಸ್ಕ್ರೂ ತೆಗೆದು ಫನಲ್ ಕೂರಿಸಿ. ಕ್ಯಾಲಿಪರಿನ ನಿಪ್ಪಲನ್ನು (ಆಯಿಲ್ ಹಾಕುವ, ತೆಗೆಯುವ ಬಾಯಿ) ಎಂಟನೇ ಒಂದು ಸುತ್ತು ಸಡಿಲಿಸಿ, ಸಿರಿಂಜಿನಿಂದ ಆಯಿಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಒತ್ತಿ. ಗಾಳಿ ತಾನೇ ಮೇಲೇರುವ ವಸ್ತು, ಅದರ ದಾರಿಯಲ್ಲೇ ಅದನ್ನು ಕಳಿಸಬೇಕು. ಈ ಹೊತ್ತಿನಲ್ಲಿ ಲಿವರ್ ಪಂಪ್ ಮಾಡಿದರೆ ಗುಳ್ಳೆ ಕ್ಯಾಲಿಪರಿನೊಳಗೇ ಉಳಿದುಬಿಡಬಹುದು, ಕೆಲಸ ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಫನಲಿನಲ್ಲಿ ಗುಳ್ಳೆ ಬರುವುದು ನಿಂತ ಮೇಲೆ ನಿಪ್ಪಲ್ ಮುಚ್ಚಿ, ಸಿರಿಂಜ್ ತೆಗೆದು ಅಲ್ಲಿಗೆ ಟ್ಯೂಬ್, ಚೀಲ ಕಟ್ಟಿ. ಲಿವರ್ ಒತ್ತಿ ಹಿಡಿದು ನಿಪ್ಪಲನ್ನು ಅರ್ಧ ಸೆಕೆಂಡ್ ಮಾತ್ರ ತೆರೆದು ಮುಚ್ಚಿ. ಹೀಗೆ ಎರಡು ಮೂರು ಸಲ. ಅಷ್ಟರಲ್ಲಿ ಫನಲ್ ಬರಿದಾದರೆ ಮತ್ತೆ ಮೊದಲಿಂದ. ಪೈಪನ್ನು ಮೆಲ್ಲಗೆ ತಟ್ಟುತ್ತ, ಲಿವರನ್ನು ಮುಂದಕ್ಕೆ ಹಿಂದಕ್ಕೆ 30 ಡಿಗ್ರಿ ಓರೆ ಮಾಡಿದರೆ ಮೂಲೆಯಲ್ಲಿ ಅಡಗಿದ ಗುಳ್ಳೆಯೂ ಹೊರಬರುತ್ತದೆ. ನಿಪ್ಪಲಿಗೆ 4ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು. ಮೇಲಿನ ಸ್ಕ್ರೂಗೆ ಅರ್ಧ ನ್ಯೂಟನ್ ಮೀಟರೇ ಹೆಚ್ಚು. ಅದನ್ನು ತೋಳ್ಬಲ ತೋರಿಸಿ ತಿರುಗಿಸಿ ಥ್ರೆಡ್ ಕೆಡಿಸುವವರೇ ಜಾಸ್ತಿ.

ಕ್ಯಾಲಿಪರನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿದ ಬಳಿಕವೇ ಪ್ಯಾಡ್ ಹಾಕಿ. ಆಯಿಲ್ ಕುಡಿದ ಪ್ಯಾಡನ್ನು ಉಜ್ಜಿ ಉಳಿಸುವ ಪ್ರಯತ್ನ ಹೆಚ್ಚಾಗಿ ವ್ಯರ್ಥ. ಡಾಟ್ ಬೇಕಾದ ಬ್ರೇಕಿಗೂ ಎಂದೋ ತೆರೆದಿಟ್ಟ ಡಬ್ಬಿಯದು ಬೇಡ: ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಘಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪಂಕ್ಚರ್ ಹಾಕಲು ಸೈಕಲ್ ತಲೆಕೆಳಗು ಮಾಡಿದ ಮೇಲೆ ಲಿವರ್ ಮೆತ್ತಗಾದರೆ ಗಾಬರಿ ಬೇಡ. ಲಿವರ್ ಬಳಿಯ ತೊಟ್ಟಿಯಲ್ಲಿದ್ದ ಗಾಳಿ ಪೈಪಿಗೆ ಜಾರಿರುತ್ತದೆ. ನೆಟ್ಟಗೆ ನಿಲ್ಲಿಸಿ ಹತ್ತಾರು ಸಲ ಲಿವರ್ ಒತ್ತಿ. ಗಟ್ಟಿಯಾದರೆ ಮೇಲಿನಿಂದ ಫನಲ್ ಇಟ್ಟು ಆ ಗಾಳಿಯನ್ನಷ್ಟೇ ತೆಗೆಸಿದರೆ ಆಯಿತು. ಪೂರ್ತಿ ಬ್ಲೀಡಿಂಗಿನ (ಮೇಲೆ ಹೇಳಿದ ಏರ್ ತೆಗೆಯುವ ಕೆಲಸದ) ದುಡ್ಡು ಕೊಡಬೇಕಿಲ್ಲ.

— ಒಬ್ಬ ಸೈಕಲ್ ಮೆಕ್ಯಾನಿಕ್, ಚಿಕ್ಕಮಗಳೂರು