ಕೋಡಿನ ಆ ಕೆಲವು ಸಾಲು ತಿದ್ದಿಕೊಟ್ಟವರಿಗೆ

ಹೆಸರು ಬರೆಯಬೇಡಿ ಅಂದಿರಿ, ಬರೆಯುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿಗಳಿಗೆ ನಾನು ಮಾಡಿಕೊಡುವ ಲೆಕ್ಕದ ತಂತ್ರಾಂಶ ಹಳೇ ಫೈಲ್ ತೆರೆಯಲು ನಿಮಿಷಗಟ್ಟಲೆ ಕಾಯಿಸುತ್ತಿತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ದರ್ಜೆಯದೂ ಎಷ್ಟೋ ವರ್ಷಗಳ ತೂಕ, ದರ ಅದರಲ್ಲಿ. ಆಷಾಢದ ಮಳೆಗೆ ಕರೆಂಟ್ ಹೋದರೆ ಯುಪಿಎಸ್ ಮುಗಿದರೂ ಫೈಲ್ ತೆರೆದಿರುತ್ತಿರಲಿಲ್ಲ. ಕಂಪ್ಯೂಟರ್ ಹಳತಾಯಿತು ಎಂದುಕೊಂಡಿದ್ದೆ.

ನೀವು ಪ್ರೊಫೈಲರ್ (ಕೋಡಿನ ಯಾವ ಭಾಗ ಎಷ್ಟು ಸಮಯ ತಿನ್ನುತ್ತದೆ ಎಂದು ಅಳೆಯುವ ಸಾಧನ) ಓಡಿಸಿ ತೋರಿಸಿದಿರಿ: ತಡ ಆಗುತ್ತಿದ್ದುದು ನಾವು ಹೊರಗಿನಿಂದ ತಂದುಕೊಂಡ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಲ್ಲಿ. ಪ್ರತಿ ಅಂಕಿ ಓದಲೂ ಅದು ಪಠ್ಯದಿಂದ ಅಂಕಿ ಎತ್ತಿಕೊಡುವ ಫಂಕ್ಷನ್ ಎಸ್‌ಸ್ಕ್ಯಾನ್‌ಎಫ್ ಕರೆಯುತ್ತಿತ್ತು. ಸಿ ಭಾಷೆಯ ಅನೇಕ ಲೈಬ್ರರಿಗಳಲ್ಲಿ ಆ ಫಂಕ್ಷನ್ ಮೊದಲು ಇಡೀ ಪಠ್ಯದ ಕೊನೆವರೆಗೆ ಹೋಗಿ ಉದ್ದ ಅಳೆದು ಬರುತ್ತದೆ. ಒಂದು ಲಕ್ಷ ಅಂಕಿಗೆ ಒಂದು ಲಕ್ಷ ಸಲ! ಫೈಲ್ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಅದರ ಜಾಗಕ್ಕೆ ಉದ್ದ ಅಳೆಯದೆ ಅಂಕಿ ಓದುವ ಸ್ಟ್ರ್‌ಟಾಡ್ ಹಾಕಿದಿರಿ, ಅಷ್ಟೇ. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ.

ಅದಕ್ಕಿಂತ ದೊಡ್ಡ ಉಪಕಾರ ನೀವು ಅದನ್ನು ಇಟ್ಟ ರೀತಿ. ಲೈಬ್ರರಿಯ ಮೂಲ ಕೋಡ್ ಮುಟ್ಟದೆ, ಬದಲಾದ ಸಾಲುಗಳಷ್ಟೇ ಇರುವ ಪ್ಯಾಚ್ ಫೈಲ್ ಬೇರೆ ಮಾಡಿದಿರಿ. ಇನ್‌ಸ್ಟಾಲರ್ ಕಟ್ಟುವ ಮುಂಚೆ ಸ್ಕ್ರಿಪ್ಟೇ ಅದನ್ನು ಹಚ್ಚುತ್ತದೆ, ಹತ್ತದಿದ್ದರೆ ಅಲ್ಲೇ ನಿಲ್ಲುತ್ತದೆ. ತಿದ್ದಿದ ಆವೃತ್ತಿ ಎಂಬ ಗುರುತು, ಜೊತೆಗೆ ಲೈಸೆನ್ಸ್. ಲೈಬ್ರರಿ ಬರೆದ ಮೂಲದವರಿಗೂ ಪ್ಯಾಚ್ ಕಳಿಸಿದಿರಿ. ಇದು ನನಗೆ ಹೊಳೆದೇ ಇರಲಿಲ್ಲ.

ಮೊನ್ನೆ ಕರೆಂಟ್ ಹೋದಾಗ ಮಂಡಿಯ ಹುಡುಗಿ ಕಾದಿದ್ದ ರೈತರ ಚೀಟಿಯನ್ನೆಲ್ಲ ಮುಗಿಸಿಯೇ ಎದ್ದಳು. ನಿಮಗೆಂದು ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಎತ್ತಿಟ್ಟಿದ್ದೇನೆ, ಬನ್ನಿ.