ಚರ್ಮವನ್ನೂ ಸ್ನಾಯುವನ್ನೂ ಒಟ್ಟಿಗೆ ನೋಡಿದವರಿಗೆ

ನನ್ನ ತಮ್ಮ ಬಿ.ಕಾಂ. ಮುಗಿಸಿದ. ಹೋದ ವಾರ ಫಲಿತಾಂಶ ಬಂತು, ಫಸ್ಟ್ ಕ್ಲಾಸ್. ತಿಪಟೂರಿನ ನಮ್ಮ ಬೀದಿಯವರಿಗೆ, ನೆಂಟರಿಷ್ಟರಿಗೆ ಎಲ್ಲ ಸ್ವೀಟ್ ಹಂಚಿ ಆಯಿತು. ಆದರೆ ಅವನು ಇಲ್ಲಿವರೆಗೆ ಬರೋದಕ್ಕೆ ಕಾರಣರಾದ ಎಷ್ಟೋ ಜನ ನಮ್ಮ ಬೀದಿಯಲ್ಲಿಲ್ಲ. ಕೆಲವರು ಈ ದೇಶದಲ್ಲೇ ಇಲ್ಲ. ಅವರಿಗೆಲ್ಲ ಒಂದು ಮಾತು ಹೇಳಲೇಬೇಕು ಅನ್ನಿಸಿತು. ತಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಮಾತ್ರ ಹಾಕಬೇಡ ಅಕ್ಕ" ಅಂದ. ಹಾಗಾಗಿ ನಮ್ಮವರ ಯಾರ ಹೆಸರೂ ಇಲ್ಲಿಲ್ಲ.

ಅವನ ಕಾಯಿಲೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ಅವನ ಚರ್ಮದ ಮೇಲೆ ಗುಳ್ಳೆ ಏಳುತ್ತವೆ. ಎಲ್ಲಾದರೂ ಸ್ವಲ್ಪ ಉಜ್ಜಿದರೆ ಸಾಕು, ನೀರು ತುಂಬಿಕೊಳ್ಳುತ್ತದೆ, ಒಡೆದು ಗಾಯವಾಗುತ್ತದೆ. ಹೈಸ್ಕೂಲಿಗೆ ಬಂದ ಮೇಲೆ ಕೈಕಾಲಿನ ಬಲ ಕಮ್ಮಿಯಾಗುತ್ತಾ ಹೋಯಿತು. ಎರಡಕ್ಕೂ ಕಾರಣ ಒಂದೇ ಜೀನ್. ಅದರ ಹೆಸರು ಪ್ಲೆಕ್. ಅದು ಮಾಡಿಸುವ ಪ್ರೋಟೀನು ಪ್ಲೆಕ್ಟಿನ್. ಎರಡಕ್ಕೂ ಕಾರಣ ಒಂದೇ ಅಂತ ಗೊತ್ತಾಗುವ ಹೊತ್ತಿಗೆ ಅವನು ಹತ್ತನೇ ಕ್ಲಾಸು ದಾಟಿದ್ದ.

ಮೊದಲು ನಮ್ಮ ಅಜ್ಜಿ, ಅಮ್ಮನ ಅಮ್ಮ. ಈಗ ಅವರಿಲ್ಲ. ಬಾಣಂತಿ ಕೋಣೆಯಲ್ಲಿ ಮಗುವಿನ ಬೆನ್ನಿನ ಚರ್ಮ ಬಟ್ಟೆಗೆ ಅಂಟಿಕೊಂಡು ಬರುತ್ತಿದ್ದದ್ದನ್ನು ನೋಡಿ, ಅವರೇ ಹಿತ್ತಲಿಗೆ ಹೋಗಿ ಎಳೆಯ ಬಾಳೆಲೆ ಕೊಯ್ದು ತಂದರು. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಮಗುವನ್ನು ಮಲಗಿಸಿದರು. ಎಲೆ ಬಾಡುವ ಮುಂಚೆ ಬೇರೆ ಎಲೆ. ರಾತ್ರಿಯೂ ಅಷ್ಟೇ. ಸುಟ್ಟ ಗಾಯದವರನ್ನು ಬಾಳೆಲೆ ಮೇಲೆ ಮಲಗಿಸುವ ಪದ್ಧತಿ ಆಸ್ಪತ್ರೆಗಳಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು. ಎಲೆ ಗಾಯಕ್ಕೆ ಅಂಟುವುದಿಲ್ಲ, ಅದೇ ಅದರ ಗುಣ. ಅಜ್ಜಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ತಿಂಗಳುಗಳಲ್ಲಿ ಸೋಂಕಾಗದೆ ಮಗು ಉಳಿದದ್ದು ಅವರಿಂದ ಅಂತಲೇ ನಾನು ನಂಬಿದ್ದೇನೆ.

ಇನ್ನು ನಮ್ಮ ಟೈಲರ್ ಅಣ್ಣ. ಅಂಗಿಯ ಒಳಹೊಲಿಗೆ ಉಜ್ಜಿ ಭುಜದಲ್ಲಿ ಗುಳ್ಳೆ ಬರುತ್ತೆ ಅಂತ ಅಮ್ಮ ತಮ್ಮನಿಗೆ ಅಂಗಿಯನ್ನು ಒಳಗು ಹೊರಗು ಮಾಡಿ ಹಾಕುತ್ತಿದ್ದಳು. ಮನೆಯಲ್ಲಾದರೆ ಸರಿ. ಶಾಲೆಗೆ ಹಾಗೆ ಕಳಿಸೋದು ಹೇಗೆ? ಅಂಗಿ ಕೈಗೆ ತೆಗೆದುಕೊಂಡು ಒಂದು ನಿಮಿಷ ನೋಡಿದ ಅಣ್ಣ, ಹೊಲಿಗೆಯೆಲ್ಲ ಹೊರಗೆ ಬರುವ ಹಾಗೆ ಯೂನಿಫಾರ್ಮ್ ಹೊಲಿದರು. ಅದರ ಮೇಲೆ ಅದೇ ಬಟ್ಟೆಯ ತೆಳು ಪಟ್ಟಿ ಇಟ್ಟು ಮುಚ್ಚಿದರು. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕಾಲರಿಗೆ ಒಳಗಿನ ಗಟ್ಟಿ ಬಟ್ಟೆ ಹಾಕಲಿಲ್ಲ. ಒಂದನೇ ಕ್ಲಾಸಿನಿಂದ ಕಾಲೇಜಿನವರೆಗೂ ಅವರೇ ಹೊಲಿದದ್ದು. ಹೆಚ್ಚಿನ ಕೆಲಸಕ್ಕೆ ಎಂದೂ ಹೆಚ್ಚು ದುಡ್ಡು ಕೇಳಲಿಲ್ಲ.

ಎಂಟು, ಒಂಬತ್ತನೇ ಕ್ಲಾಸಿನ ಹೊತ್ತಿಗೆ ಅವನಿಗೆ ಬಸ್ಸಿನ ಮೆಟ್ಟಿಲು ಹತ್ತೋದು ಕಷ್ಟವಾಯಿತು. ನೆಲದ ಮೇಲೆ ಕೂತರೆ ಏಳೋಕೆ ಮೊಣಕಾಲು ಹಿಡಿದು, ತೊಡೆ ಮೇಲೆ ಕೈ ಊರಿ, ಮೈಯನ್ನು ತಾನೇ ಮೇಲಕ್ಕೆ ತಳ್ಳಿಕೊಳ್ಳಬೇಕಾಗಿತ್ತು. ಗಾಯದ ನೋವಿಗೆ ಓಡಾಡೋದಿಲ್ಲ, ಅದಕ್ಕೇ ನಿಶ್ಶಕ್ತಿ ಅಂದವರೇ ಜಾಸ್ತಿ. ಚರ್ಮದ ಡಾಕ್ಟರು ಚರ್ಮ ನೋಡಿದರು, ಮೂಳೆ ಡಾಕ್ಟರು ಕಾಲು ನೋಡಿದರು. ಫೈಲುಗಳೂ ಬೇರೆಬೇರೆ ಇದ್ದವು.

ಆಮೇಲೆ ಬೆಂಗಳೂರಿನಲ್ಲಿ ನರರೋಗ ವಿಭಾಗದ ಒಬ್ಬ ಯುವ ಡಾಕ್ಟರು ಸಿಕ್ಕರು. ತಮ್ಮ ನೆಲದಿಂದ ಏಳುವುದನ್ನು ನೋಡಿದರು. ಆಮೇಲೆ ಅವನ ಬೆರಳಿನ ಉಗುರು ನೋಡಿದರು, ದಪ್ಪವಾಗಿ ಸೊಟ್ಟಗಾದ ಉಗುರುಗಳು. "ಈ ಗುಳ್ಳೆ ಹುಟ್ಟಿದಾಗಿಂದ ಇದೆಯಾ ಅಮ್ಮಾ?" ಅಂತ ಕೇಳಿದರು. ಹೌದು ಅಂದಳು ಅಮ್ಮ. ಆ ಡಾಕ್ಟರು ಕುರ್ಚಿಯಿಂದ ಎದ್ದು, ತಾವೇ ನಡೆದುಕೊಂಡು ಹೋಗಿ ಚರ್ಮ ವಿಭಾಗದ ಮೇಡಂ ಅವರನ್ನು ಕರೆತಂದರು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹುಡುಗನನ್ನು, ಒಂದೇ ಹೊತ್ತಿಗೆ ನೋಡಿದ್ದು ಅದೇ ಮೊದಲು. ಡಾಕ್ಟರೇ, ನೀವು ಇದನ್ನು ಓದುತ್ತೀರೋ ಇಲ್ಲವೋ. ನಮ್ಮ ಮನೆಯಲ್ಲಿ ನಿಮ್ಮ ಮಾತು ಬರದ ವಾರವಿಲ್ಲ.

ರಕ್ತ ಪರೀಕ್ಷೆ ಆಯಿತು, ಸಿಕೆ ಅನ್ನೋ ಅಂಶ ಬಹಳ ಹೆಚ್ಚಿತ್ತು. ಸ್ನಾಯು ಸವೆಯುತ್ತಿದೆ ಅಂತ ಅದರ ಅರ್ಥ. ಚರ್ಮದ ಚೂರು ತೆಗೆದರು, ಜೀನ್ ಪರೀಕ್ಷೆಗೆ ರಕ್ತ ಕಳಿಸಿದರು. ಆಗ ವಾರ್ಡಿನಲ್ಲಿದ್ದ ಸಿಸ್ಟರ್ ಒಬ್ಬರನ್ನು ನೆನೆಯಲೇಬೇಕು. ಸೂಜಿ ನಿಲ್ಲಿಸೋಕೆ ಅವರು ಪ್ಲಾಸ್ಟರ್ ಹಚ್ಚಲಿಲ್ಲ, ಮೆತ್ತನೆ ಬ್ಯಾಂಡೇಜ್ ಸುತ್ತಿ ಗಂಟು ಹಾಕಿದರು. ಬಿಪಿ ಪಟ್ಟಿ ಕಟ್ಟುವ ಮುಂಚೆ ತೋಳಿಗೆ ದಪ್ಪಗೆ ಹತ್ತಿ ಸುತ್ತಿದರು. ಹೊಸ ಗುಳ್ಳೆಯನ್ನು ಶುದ್ಧವಾದ ಸೂಜಿಯಿಂದ ಚುಚ್ಚಿ, ನೀರು ಇಳಿಸಿ, ಮೇಲಿನ ಸಿಪ್ಪೆ ಕೀಳದೆ ಹಾಗೇ ಬಿಡಬೇಕು ಅಂತ ಅಮ್ಮನಿಗೆ ತೋರಿಸಿಕೊಟ್ಟರು. ಮಂಚಕ್ಕೆ ಕೈಬರಹದ ಒಂದು ರಟ್ಟು ನೇತುಹಾಕಿದರು: "ಪ್ಲಾಸ್ಟರ್ ಹಚ್ಚಬೇಡಿ. ಉಜ್ಜಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ." ಬ್ರಿಟನ್ನಿನಲ್ಲಿ 1978ರಲ್ಲಿ ಫಿಲಿಸ್ ಹಿಲ್ಟನ್ ಅನ್ನೋ ತಾಯಿಯೊಬ್ಬರು, ಇಂಥದೇ ಗುಳ್ಳೆ ಕಾಯಿಲೆ ಇದ್ದ ಮಗಳು ಡೆಬ್ರಾಗಾಗಿ ಒಂದು ಸಂಸ್ಥೆ ಕಟ್ಟಿದರಂತೆ. ಮಗಳ ಹೆಸರೇ ಸಂಸ್ಥೆಯ ಹೆಸರು. ಅದರ ಬಗ್ಗೆ ನಮಗೆ ಮೊದಲು ಹೇಳಿದ್ದೂ ಆ ಸಿಸ್ಟರೇ. ಫಿಲಿಸ್ ಅಮ್ಮ, ನಿಮಗೂ ನಮಸ್ಕಾರ.

ಪರೀಕ್ಷೆಯ ಫಲಿತಾಂಶ ಬಂದ ದಿನ ಜೆನೆಟಿಕ್ ಕೌನ್ಸೆಲರ್ ಕೂರಿಸಿಕೊಂಡು ಬಿಡಿಸಿ ಹೇಳಿದರು. ನಮ್ಮ ಪ್ರತಿ ಜೀವಕೋಶದ ಒಳಗೂ ಎಳೆಗಳ ಒಂದು ಹಂದರ ಇದೆ. ಆಕ್ಟಿನ್ ಎಳೆಗಳು, ಮೈಕ್ರೊಟ್ಯೂಬ್ಯೂಲ್ ಕೊಳವೆಗಳು, ಇವೆರಡರ ನಡುವಿನ ಗಾತ್ರದ ಇನ್ನೊಂದು ಬಗೆ. ಈ ನಡುಗಾತ್ರದ ಎಳೆ ಚರ್ಮದಲ್ಲಿ ಕೆರಾಟಿನ್, ಸ್ನಾಯುವಿನಲ್ಲಿ ಡೆಸ್ಮಿನ್. ಅಪ್ಪನಿಗೆ ತೆಂಗಿನ ತೋಟ ಇದೆ ಅಂತ ಗೊತ್ತಾದ ಮೇಲೆ ಅವರು ಹೇಳಿದ್ದು ಹೀಗೆ: "ಮದುವೆ ಚಪ್ಪರಕ್ಕೆ ಕಂಬ, ಗಳ, ಗರಿ ಎಲ್ಲ ತಂದಿದ್ದೀರಿ ಅಂದುಕೊಳ್ಳಿ. ಕಟ್ಟೋಕೆ ಹಗ್ಗ ಇಲ್ಲ. ಪ್ಲೆಕ್ಟಿನ್ ಅಂದರೆ ಆ ಹಗ್ಗ." ಅಪ್ಪ ತಲೆ ಆಡಿಸಿದರು. ಅವರಿಗೆ ಪೂರ್ತಿ ಅರ್ಥವಾಗಿತ್ತು.

ಅದು ಬಹಳ ದೊಡ್ಡ ಪ್ರೋಟೀನು. ಸಾಧಾರಣ ಪ್ರೋಟೀನಿನಲ್ಲಿ ಕೆಲವು ನೂರು ಅಮೈನೋ ಆಮ್ಲ ಇದ್ದರೆ ಇದರಲ್ಲಿ 4,500ಕ್ಕೂ ಹೆಚ್ಚು. ಒಂದು ತುದಿ ಆಕ್ಟಿನ್ ಹಿಡಿಯುತ್ತದೆ, ಇನ್ನೊಂದು ತುದಿ ಕೆರಾಟಿನ್ ಅಥವಾ ಡೆಸ್ಮಿನ್ ಹಿಡಿಯುತ್ತದೆ. ಚರ್ಮದ ಕೆಳಪದರದ ಕೋಶದಲ್ಲಿ ಕೆರಾಟಿನ್ ಎಳೆಗಳನ್ನು ಬುಡದ ಬೆಸುಗೆಗೆ ಕಟ್ಟುವುದು ಇದೇ. ಅಲ್ಲಿ ಬಿಗಿ ಇಲ್ಲದಿದ್ದರೆ ಉಜ್ಜಿದಾಗ ಕೋಶವೇ ಹರಿದು ನೀರು ತುಂಬುತ್ತದೆ. ಸ್ನಾಯುವಿನಲ್ಲಿ ಡೆಸ್ಮಿನ್ ಜಾಲವನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಇದೇ. ಅಲ್ಲಿ ಸಡಿಲವಾದರೆ ವರ್ಷಗಳ ಎಳೆತಕ್ಕೆ ಸ್ನಾಯು ನಿಧಾನಕ್ಕೆ ಹಾಳಾಗುತ್ತದೆ. ಗುಳ್ಳೆ ಹುಟ್ಟಿದ ಕೂಡಲೇ ಬಂದು, ನಿಶ್ಶಕ್ತಿ ವರ್ಷಗಳಾದ ಮೇಲೆ ಯಾಕೆ ಬಂತು ಅಂತ ಅವತ್ತು ಅರ್ಥವಾಯಿತು.

ತಮ್ಮನ ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ದೋಷ. 31ನೇ ಎಕ್ಸಾನ್ ಅನ್ನೋ ಉದ್ದನೆಯ ಭಾಗದಲ್ಲಿ ಒಂದು ಅಕ್ಷರ ಬದಲಾಗಿ, ನಡುವೆಯೇ 'ನಿಲ್ಲಿಸು' ಅನ್ನೋ ಸೂಚನೆ ಬಂದುಬಿಟ್ಟಿದೆ. ಹಾಗಾಗಿ ಪೂರ್ತಿ ಉದ್ದದ ಪ್ಲೆಕ್ಟಿನ್ ತಯಾರಾಗುವುದಿಲ್ಲ. ಆದರೆ ನಮ್ಮ ಕೋಶಗಳು ಆ ಭಾಗವನ್ನೇ ಬಿಟ್ಟು ಒಂದು ಗಿಡ್ಡ ಪ್ಲೆಕ್ಟಿನ್ ಕೂಡ ಸ್ವಲ್ಪ ಮಾಡುತ್ತವೆ. ಅದಕ್ಕೆ ನಡುವಿನ ಉದ್ದ ಇಲ್ಲ, ಎರಡು ತುದಿಗಳು ಇವೆ. ಒಂದಷ್ಟು ಕೆಲಸ ಅದೇ ನಡೆಸುತ್ತದೆ. ಪ್ಲೆಕ್ಟಿನ್ ಪೂರ್ತಿ ಇಲ್ಲದ ಇಲಿಮರಿಗಳು ಹುಟ್ಟಿದ ಎರಡು ಮೂರು ದಿನಕ್ಕೇ ಸಾಯುತ್ತವೆ ಅಂತ 1997ರಲ್ಲಿ ಕಂಡುಕೊಂಡಿದ್ದಾರೆ. ಅದನ್ನು ಓದಿದ ರಾತ್ರಿ ನಾನು ತಮ್ಮನ ಪಕ್ಕ ಹೋಗಿ ಸುಮ್ನೆ ಕೂತಿದ್ದೆ. ಆ ಗಿಡ್ಡ ಪ್ರೋಟೀನಿಗೂ ಕೃತಜ್ಞತೆ ಹೇಳಬೇಕು ಅಂತ ನಿಜವಾಗಿಯೂ ಅನ್ನಿಸಿತು.

ಇದೆಲ್ಲ ಗೊತ್ತಾಗಿರೋದು ಎಲ್ಲೆಲ್ಲಿಯವರದೋ ದುಡಿಮೆಯಿಂದ. 1980ರ ಸುಮಾರಿಗೆ ವಿಯೆನ್ನಾದಲ್ಲಿ ಗೆರ್‌ಹಾರ್ಡ್ ವಿಶೆ ಅವರ ಲ್ಯಾಬಿನವರು ಈ ಪ್ರೋಟೀನನ್ನು ಕಂಡಾಗ ಇದಕ್ಕೂ ಯಾವ ಕಾಯಿಲೆಗೂ ಸಂಬಂಧ ಗೊತ್ತಿರಲಿಲ್ಲ. 1996ರಲ್ಲಿ ಒಂದೇ ವರ್ಷ ಹಲವು ತಂಡಗಳು, ಗುಳ್ಳೆ ಮತ್ತು ಸ್ನಾಯು ದೌರ್ಬಲ್ಯ ಎರಡೂ ಇದ್ದವರಲ್ಲಿ ಈ ಜೀನಿನ ದೋಷ ಕಂಡವು. 2010ರಲ್ಲಿ ಟರ್ಕಿಯ ಕುಟುಂಬಗಳಲ್ಲಿ ಚರ್ಮ ಚೆನ್ನಾಗಿದ್ದು ಸ್ನಾಯು ಮಾತ್ರ ಸೊರಗುವ ಬಗೆ ಸಿಕ್ಕಿತು. ಅದಕ್ಕೂ ಕಾರಣ ಇದೇ ಜೀನ್, 9 ಅಕ್ಷರ ಬಿಟ್ಟುಹೋಗಿತ್ತು. ಆ ವಿಜ್ಞಾನಿಗಳಿಗೆ ಸಾವಿರ ನಮಸ್ಕಾರ. ಅವರಿಗಿಂತ ಒಂದು ಕೈ ಹೆಚ್ಚಿನ ನಮಸ್ಕಾರ, ಮೊದಲೇ ಗಾಯವಾದ ಮೈಯಿಂದ ಇನ್ನೊಂದು ಚೂರು ಚರ್ಮ ಕೊಟ್ಟ ಆ ರೋಗಿಗಳಿಗೆ. ಅವರಿಗೆ ಅದರಿಂದ ಏನೂ ಸಿಗಲಿಲ್ಲ. ಸಿಕ್ಕಿದ್ದು ನಮಗೆ. ಇವತ್ತಿಗೂ ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಆದರೆ ಕಾರಣ ಗೊತ್ತಿರೋದರಿಂದ ತಮ್ಮನ ಹೃದಯ, ಉಸಿರಾಟವನ್ನು ಡಾಕ್ಟರು ತಪ್ಪದೆ ನೋಡುತ್ತಾರೆ, ಯಾವ ವ್ಯಾಯಾಮ ಎಷ್ಟು ಅಂತ ಹೇಳುತ್ತಾರೆ.

ಆ ಕೌನ್ಸೆಲರಿಗೆ ಅಮ್ಮನ ಪರವಾಗಿ ಇನ್ನೊಂದು ಮಾತು. ಗ್ರಹಣದ ದಿನ ಹೊರಗೆ ಬಂದಿದ್ದಳು, ತಿನ್ನಬಾರದ್ದು ತಿಂದಿದ್ದಳು ಅಂತ ಅಮ್ಮ ಕೇಳದ ಮಾತಿಲ್ಲ. ಅವರು ಅಮ್ಮನ ಕೈ ಹಿಡಿದು, "ನೀವು ಏನೂ ಮಾಡಿಲ್ಲಮ್ಮ. ಒಂದು ಪ್ರತಿ ನಿಮ್ಮದು, ಒಂದು ಪ್ರತಿ ಅವರದು" ಅಂದರು. ಅಪ್ಪ ಅಲ್ಲೇ ಇದ್ದರು, ಕೇಳಿಸಿಕೊಂಡರು. ಆಮೇಲೆ ಮನೆಯಲ್ಲಿ ಆ ಮಾತು ಯಾರೇ ಎತ್ತಿದರೂ ಉತ್ತರ ಕೊಡುವವರು ಅಪ್ಪನೇ.

ಈಗ ನಮ್ಮ ಸೋದರಮಾವ. ಅಮ್ಮ ಅಪ್ಪನಿಗೆ ಸ್ವಂತ ಸೋದರಮಾವನ ಮಗಳು. ನಮ್ಮಲ್ಲಿ ಸಂಬಂಧದಲ್ಲೇ ಮದುವೆ ಮಾಮೂಲು. ನನ್ನನ್ನೂ ಮಾವನ ಮಗನಿಗೆ ಕೊಡಬೇಕು ಅಂತ ಚಿಕ್ಕಂದಿನಿಂದ ಮಾತಾಗಿತ್ತು. ಕಾಯಿಲೆ ಇಲ್ಲದ ಅಕ್ಕ ತಂಗಿಯರಲ್ಲಿ ಆ ಜೀನಿನ ಒಂದು ಕೆಟ್ಟ ಪ್ರತಿ ಇರುವ ಸಾಧ್ಯತೆ 3ರಲ್ಲಿ 2. ಪರೀಕ್ಷೆ ಮಾಡಿಸಿದೆ, ನನ್ನಲ್ಲಿ ಇದೆ. ನಾನು ಮಾವನಿಗೆ ಹೇಗೆ ಹೇಳಲಿ ಅಂತ ಒದ್ದಾಡುತ್ತಿದ್ದಾಗ ಅವರೇ ಮಗನನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಅವನಲ್ಲೂ ಇತ್ತು. ನಾವಿಬ್ಬರೂ ಮದುವೆಯಾಗಿದ್ದರೆ ಪ್ರತಿ ಮಗುವಿಗೂ 4ರಲ್ಲಿ 1ರಷ್ಟು ಸಾಧ್ಯತೆ. ನೆಂಟರೆಲ್ಲ ಸೇರಿದ್ದ ದಿನ ಮಾವ ಎದ್ದುನಿಂತು, "ಈ ಮದುವೆ ಬೇಡ ಅಂದಿದ್ದು ನಾನು. ಹುಡುಗಿಯನ್ನ ಯಾರೂ ಏನೂ ಅನ್ನೋ ಹಾಗಿಲ್ಲ" ಅಂದರು. ಆಮೇಲೆ ಇನ್ನೂ ಮದುವೆಯಾಗದ ಎಲ್ಲ ಮಕ್ಕಳಿಗೂ ಪರೀಕ್ಷೆ ಮಾಡಿಸಿ ಅಂತ ಮನೆಮನೆಗೆ ಹೋಗಿ ಹೇಳಿ ಬಂದರು. ಮಾವ, ಅವತ್ತು ನಿಮ್ಮ ಕಾಲಿಗೆ ಬಿದ್ದಾಗ ನನಗೆ ಮಾತೇ ಹೊರಡಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಋಣ ದೊಡ್ಡದು.

ತಮ್ಮನಿಗಿರುವಂಥ ಸ್ನಾಯು ಸೊರಗುವ ಕಾಯಿಲೆಗೆ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನುತ್ತಾರೆ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಹಾಗಾಗಿ ಪ್ರಮಾಣಪತ್ರ ಸಿಕ್ಕಿತು. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಬರೆಯೋಕೆ ಒಬ್ಬ ಸಹಾಯಕ. ತಮ್ಮನ ಉತ್ತರ ಬರೆದುಕೊಟ್ಟದ್ದು ಅವನಿಗಿಂತ ಕೆಳಗಿನ ಕ್ಲಾಸಿನ ಒಬ್ಬಳು ಹುಡುಗಿ. ಬ್ಯಾಲೆನ್ಸ್ ಶೀಟಿನ ಅಂಕಣಗಳನ್ನು ಅವನು ಹೇಳಿದ ಹಾಗೆ ಒಂದೂ ಓರೆಯಾಗದಂತೆ ಬರೆದಳು. ಪುಟ್ಟಾ, ನಿನ್ನ ಪರೀಕ್ಷೆಗೂ ದೇವರು ಒಳ್ಳೇದು ಮಾಡಲಿ.

ಬರುವ ಸೋಮವಾರ ತಮ್ಮ ಊರಿನ ಒಬ್ಬ ಆಡಿಟರ ಆಫೀಸಿಗೆ ಕೆಲಸಕ್ಕೆ ಸೇರುತ್ತಾನೆ. ಆಫೀಸು ಮೊದಲನೇ ಮಹಡಿಯಲ್ಲಿದೆ. ಅವನಿಗೋಸ್ಕರ ಅವರು ಕೆಳಗಿನ ಗೋದಾಮಿನ ಮುಂದಿನ ಭಾಗವನ್ನು ಖಾಲಿ ಮಾಡಿಸಿ, ಮೇಜು, ಕಂಪ್ಯೂಟರು, ತೋಳಿನ ಕುರ್ಚಿ ಹಾಕಿಸಿದ್ದಾರೆ. ಕುರ್ಚಿಯ ಕೈಗಳಿಗೆ ಮೆತ್ತನೆ ಬಟ್ಟೆ ಸುತ್ತಿಸಬೇಕಾ ಅಂತ ನಿನ್ನೆ ಫೋನ್ ಮಾಡಿ ಕೇಳಿದರು. ಹೌದು ಸಾರ್, ಸುತ್ತಿಸಿ. ನಿಮಗೂ ನಮ್ಮ ಮನೆಯವರೆಲ್ಲರ ನಮಸ್ಕಾರ.